ಹಾಳೆಯಲ್ಲಿ ಜಗಳ, ಗೂಡಿನಲ್ಲಿ ಆಟ: ಮಂಗಗಳ ವರ್ತನೆಯ ದಾಖಲೆ ತಾಳೆಯಾಗದಿದ್ದಾಗ ದೋಷ ಹುಡುಕುವ ಬಗೆ

ಮೃಗಾಲಯದ ಮಂಗಗಳನ್ನು ವಾರಗಟ್ಟಲೆ ನೋಡಿ ಬರೆದ ಹಾಳೆಗಳನ್ನು ಕೂಡಿಸಲು ಕುಳಿತಾಗ ವಿದ್ಯಾರ್ಥಿಗಳ ಬಾಯಿಂದ ಬರುವ ಮೊದಲ ಮಾತು ಹೆಚ್ಚಾಗಿ ಒಂದೇ: ‘ಈ ಗುಂಪಿನ ಮಂಗಗಳೇ ವಿಚಿತ್ರ.’ ಒಬ್ಬರ ಹಾಳೆಯಲ್ಲಿ ಬೆಳಿಗ್ಗೆಯಿಡೀ ಜಗಳ. ಪಕ್ಕದಲ್ಲೇ ನಿಂತು ಬರೆದವರ ಹಾಳೆಯಲ್ಲಿ ಆಟ. ಸೋಮವಾರ ಯಜಮಾನನಾಗಿದ್ದ ಗಂಡು ಬುಧವಾರ ಎಲ್ಲರಿಗಿಂತ ಕೆಳಗೆ. ಹೀಗಾದಾಗ ಮಂಗಗಳ ಮೇಲೆ ಅನುಮಾನ ಪಡುವುದು ಸುಲಭ, ಆದರೆ ಅವು ವಿಚಿತ್ರವಾಗಿರುವುದು ಅಪರೂಪ. ದೋಷ ಇರುವುದು ಬಹುಮಟ್ಟಿಗೆ ಹಾಳೆಯಲ್ಲಿ, ಅದನ್ನು ತಯಾರಿಸಿದ ರೀತಿಯಲ್ಲಿ.

ಕುಂಬಳೆ, ಮಂಜೇಶ್ವರ, ಬದಿಯಡ್ಕ, ಕಾಸರಗೋಡು ಕಡೆಯಿಂದ ಇಂಥ ಪ್ರಾಜೆಕ್ಟಿಗೆ ಹೊರಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮಗೆ ಹತ್ತಿರದ್ದೆಂದರೆ ಗಡಿಯಾಚೆ ಮಂಗಳೂರಿನ ಪಿಲಿಕುಳ ಮೃಗಾಲಯ. ಕೆಲವರು 1857ರಲ್ಲಿ ಆರಂಭವಾದ ತಿರುವನಂತಪುರದ ಮೃಗಾಲಯದವರೆಗೂ ಹೋಗುತ್ತಾರೆ. ಅನುಮತಿ ಪತ್ರಕ್ಕೆ ಅಲೆದು, ರೈಲು ಹಿಡಿದು, ಬಿಸಿಲಲ್ಲಿ ನಿಂತು ತಂದ ಮಾಹಿತಿ ಯಾವುದಕ್ಕೂ ಬಾರದೆ ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹುಡುಕುವ ಕ್ರಮವನ್ನು ಬದಲಿಸಬೇಡಿ. ಮೊದಲು ಗುರುತು, ಆಮೇಲೆ ವ್ಯಾಖ್ಯೆ, ಆಮೇಲೆ ಎಣಿಸಿದ ವಿಧಾನ, ಎಲ್ಲಕ್ಕಿಂತ ಕೊನೆಗೆ ಮಂಗ ಮತ್ತು ಅದರ ಗೂಡು. ಕೊನೆಯದರಿಂದ ಶುರು ಮಾಡಿದವರು ಗೂಡನ್ನು ದೂರುವ ವರದಿ ಬರೆದು ಮುಗಿಸುತ್ತಾರೆ. ಎರಡು ಮಂಗಗಳ ಹೆಸರು ಅದಲುಬದಲಾಗಿದ್ದದ್ದು ಆಮೇಲೆ ಗೊತ್ತಾಗುತ್ತದೆ.

ಒಂದೇ ಮಂಗ ಒಂದೇ ನಿಮಿಷದಲ್ಲಿ ಎರಡು ಕಡೆ

ಇಬ್ಬರ ಹಾಳೆಗಳನ್ನು ಗಡಿಯಾರದ ಸಮಯಕ್ಕೆ ಸರಿಯಾಗಿ ಅಕ್ಕಪಕ್ಕ ಇಡಿ. ಹತ್ತು ಗಂಟೆ ಹದಿನೈದು ನಿಮಿಷಕ್ಕೆ ಒಂದು ಹೆಣ್ಣು ಒಬ್ಬರ ಪ್ರಕಾರ ನೀರಿನ ತೊಟ್ಟಿಯ ಬಳಿ, ಇನ್ನೊಬ್ಬರ ಪ್ರಕಾರ ಮೇಲಿನ ಹಲಗೆಯ ಮೇಲೆ ಇದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಗುರುತು ತಪ್ಪಿದೆ. ಇನ್ನೊಂದು ಲಕ್ಷಣವೂ ಇದೆ: ಒಂದು ಜೋಡಿಯಲ್ಲಿ ಯಾರು ಯಾರಿಗೆ ಜಾಗ ಬಿಟ್ಟರು ಎಂಬ ಲೆಕ್ಕ ಎರಡೂ ಕಡೆಗೆ ಸರಿಸಮವಾಗಿ ಬರುವುದು. ಮಕಾಕ್ ಎಂಬ ಗುಂಪಿಗೆ ಸೇರಿದ ಮಂಗಗಳಲ್ಲಿ (ನಮ್ಮೂರಿನ ಮಂಗವೂ ಅದರಲ್ಲೊಂದು), ಅದರಲ್ಲೂ ಹೆಣ್ಣುಗಳ ನಡುವೆ, ಮೇಲು ಕೆಳಗು ಹಾಗೆ ದಿನಕ್ಕೊಂದು ಸಲ ತಿರುಗುವುದಿಲ್ಲ.

ಗಾತ್ರ ಮತ್ತು ಬಣ್ಣವನ್ನು ನಂಬಿ ಗುರುತು ಹಿಡಿಯಬಾರದು. ಮಳೆಯಲ್ಲಿ ತೊಯ್ದ ಮಂಗ ಅರ್ಧಕ್ಕೆ ಅರ್ಧ ಚಿಕ್ಕದಾಗಿ ಕಾಣುತ್ತದೆ. ಕಿವಿಯ ಅಂಚಿನ ಹರಕು, ಬಾಲದ ತುದಿ, ಮೂಗಿನ ಮೇಲಿನ ಗಾಯದ ಗೆರೆ, ಬೆರಳು, ಮೊಲೆತೊಟ್ಟಿನ ಉದ್ದ, ನಮ್ಮೂರಿನ ಮಂಗವಾದ ಬಾನೆಟ್ ಮಕಾಕ್‌ನಲ್ಲಾದರೆ ನೆತ್ತಿಯ ಕೂದಲು ಹರಡಿಕೊಂಡಿರುವ ರೀತಿ, ಇವು ಉಳಿಯುವ ಗುರುತುಗಳು. ಪ್ರತಿ ಮಂಗಕ್ಕೂ ಮುಖದ ಎರಡು ಬದಿಯ ಚಿತ್ರ, ಹಿಂಬದಿಯ ಚಿತ್ರ ಇರುವ ಒಂದು ಕಾರ್ಡ್ ಮಾಡಿಕೊಳ್ಳಿ. ಕೆಲಸ ಶುರುವಾಗುವ ಮೊದಲು ಪ್ರಾಣಿಪಾಲಕರ ಎದುರಿಗೆ ನಿಂತು ಒಂದೊಂದನ್ನೇ ತೋರಿಸಿ ಹೆಸರು ಹೇಳಿ. ದಿನವೂ ಊಟ ಹಾಕುವ ಅವರಷ್ಟು ಖಚಿತವಾಗಿ ನಿಮ್ಮನ್ನು ತಿದ್ದಬಲ್ಲವರು ಬೇರೆ ಇಲ್ಲ. ಪಾಲಕರನ್ನು ಗೌರವದಿಂದ ಕೇಳದ ವೀಕ್ಷಕರು ಅರ್ಧ ಜ್ಞಾನವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ ಎಂದೇ ನನ್ನ ಅಭಿಪ್ರಾಯ.

ಈ ಗುರುತಿನ ಕೆಲಸ ಎಷ್ಟು ದೊಡ್ಡದು ಎನ್ನುವುದಕ್ಕೆ ಜಪಾನಿನ ಕೋಶಿಮಾ ದ್ವೀಪ ಸಾಕ್ಷಿ. ಅಲ್ಲಿನ ಸಂಶೋಧಕರು ಪ್ರತಿಯೊಂದು ಮಂಗಕ್ಕೂ ಹೆಸರಿಟ್ಟು ನೋಡುತ್ತಿದ್ದುದರಿಂದಲೇ, 1953ರಲ್ಲಿ ಸಿಹಿಗೆಣಸನ್ನು ನೀರಿನಲ್ಲಿ ತೊಳೆದು ತಿನ್ನಲು ಶುರು ಮಾಡಿದ್ದು ಇಮೋ ಎಂಬ ಎಳೆಯ ಹೆಣ್ಣು ಎಂದೂ ಅದರಿಂದ ಯಾರು ಯಾರು ಕಲಿತರು ಎಂದೂ ಹೇಳಲು ಸಾಧ್ಯವಾಯಿತು. ‘ಒಂದು ಮಂಗ ತೊಳೆಯಿತು’ ಎಂದಷ್ಟೇ ಬರೆದಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ.

ಒಬ್ಬರಿಗೆ ಜಗಳ, ಇನ್ನೊಬ್ಬರಿಗೆ ಆಟ

ಗುರುತು ಸರಿಯಿದ್ದೂ ತಾಳೆಯಾಗದಿದ್ದರೆ ವ್ಯಾಖ್ಯೆಗೆ ಬನ್ನಿ. ಹತ್ತರಲ್ಲಿ ಏಳೆಂಟು ತೊಂದರೆಗಳ ಬೇರು ಇಲ್ಲಿಯೇ ಇರುತ್ತದೆ ಎಂದು ನನಗೆ ಅನ್ನಿಸುತ್ತದೆ, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಿಮ್ಮ ವರ್ತನಾ ಪಟ್ಟಿಯನ್ನು, ಅಂದರೆ ಯಾವ ವರ್ತನೆಯನ್ನು ಯಾವ ಹೆಸರಿನಲ್ಲಿ ಬರೆಯಬೇಕು ಎಂಬ ಪಟ್ಟಿಯನ್ನು, ತೆಗೆದು ಪ್ರತಿ ಸಾಲನ್ನೂ ಓದಿ. ‘ಕೋಪಗೊಂಡಿತು’, ‘ಪ್ರೀತಿ ತೋರಿತು’, ‘ಹೆದರಿತು’ ಎಂಬ ಸಾಲುಗಳಿದ್ದರೆ ದೋಷ ಸಿಕ್ಕಿತು. ಕೋಪ ಕಣ್ಣಿಗೆ ಕಾಣುವುದಿಲ್ಲ. ಬಾಯಿ ತೆರೆದದ್ದು ಕಾಣುತ್ತದೆ. ಇಬ್ಬರು ಒಂದೇ ಮುಖವನ್ನು ನೋಡಿ ಎರಡು ಭಾವ ಊಹಿಸಬಹುದು, ಆದರೆ ಬಾಯಿ ತೆರೆದಿತ್ತೇ ಇಲ್ಲವೇ ಎಂಬುದರಲ್ಲಿ ಅಷ್ಟು ಬೇಗ ಭಿನ್ನಾಭಿಪ್ರಾಯ ಬರುವುದಿಲ್ಲ. ಹಾಗಾಗಿ ‘ಬೆದರಿಕೆ’ ಎಂಬ ಸಾಲಿನ ಮುಂದೆ ಹೀಗೆ ಬರೆಯಿರಿ: ಬಾಯಿ ದುಂಡಗೆ ತೆರೆದು, ಹುಬ್ಬು ಮೇಲೆಳೆದು, ಎದುರಿನ ಮಂಗವನ್ನು ನೆಟ್ಟ ನೋಟದಿಂದ ನೋಡುವುದು, ತಲೆಯನ್ನು ಮುಂದಕ್ಕೆ ಝಾಡಿಸಬಹುದು, ದೈಹಿಕ ಸಂಪರ್ಕ ಇಲ್ಲ. ಸಂಪರ್ಕ ಆದರೆ ಅದು ಬೇರೆ ಸಾಲು.

ಅತಿ ಹೆಚ್ಚು ಅದಲುಬದಲಾಗುವುದು ಆಟದ ಕುಸ್ತಿ ಮತ್ತು ಜಗಳ. ಎರಡರಲ್ಲೂ ಅಟ್ಟಿಸಿಕೊಂಡು ಹೋಗುವುದಿದೆ, ಹಿಡಿಯುವುದಿದೆ, ಬಾಯಿ ಹಾಕುವುದಿದೆ. ವ್ಯತ್ಯಾಸವನ್ನು ಹೀಗೆ ನೋಡಿ. ಆಟದಲ್ಲಿ ಬಾಯಿ ಸಡಿಲವಾಗಿ ತೆರೆದಿರುತ್ತದೆ, ಓಟದಲ್ಲಿ ನೆಗೆತ ಹೆಚ್ಚು, ಅಟ್ಟಿಸಿಕೊಂಡು ಹೋದದ್ದೇ ಸ್ವಲ್ಪ ಹೊತ್ತಿಗೆ ಅಟ್ಟಿಸಿಕೊಳ್ಳುತ್ತದೆ, ದೊಡ್ಡದು ತಾನಾಗಿ ಕೆಳಗೆ ಬೀಳುತ್ತದೆ, ಮುಗಿದ ಮೇಲೆ ಎರಡೂ ಹತ್ತಿರವೇ ಉಳಿಯುತ್ತವೆ ಅಥವಾ ಮತ್ತೆ ಶುರು ಮಾಡುತ್ತವೆ. ಜಗಳದಲ್ಲಿ ಪಾತ್ರ ಬದಲಾಗುವುದಿಲ್ಲ, ಕಿರುಚಾಟ ಇರುತ್ತದೆ, ಸೋತದ್ದು ದೂರ ಓಡುತ್ತದೆ, ಸುತ್ತಲಿನವು ತಿರುಗಿ ನೋಡುತ್ತವೆ ಇಲ್ಲವೆ ನಡುವೆ ಬರುತ್ತವೆ. ಒಂದೇ ಕ್ಷಣದ ಚಿತ್ರದಿಂದ ಇದನ್ನು ತೀರ್ಮಾನಿಸಲಾಗದು, ಕೊನೆಯವರೆಗೂ ಕಾಯಬೇಕು. ಅಷ್ಟು ಕಾಯಲು ನಿಮ್ಮ ವಿಧಾನ ಬಿಡದಿದ್ದರೆ ‘ಒರಟು ಸಂಪರ್ಕ, ಅನಿಶ್ಚಿತ’ ಎಂಬ ಸಾಲನ್ನು ಇಟ್ಟುಕೊಳ್ಳುವುದು ಪ್ರಾಮಾಣಿಕ ದಾರಿ.

ಹಲ್ಲು ಕಾಣಿಸುವುದರಲ್ಲಿ ಎಡವುವವರೂ ಬಹಳ. ತುಟಿ ಹಿಂದಕ್ಕೆ ಸರಿದು, ಕಚ್ಚಿದ ಹಲ್ಲುಸಾಲು ಪೂರ್ತಿ ಕಾಣುವಂತೆ, ಸದ್ದಿಲ್ಲದೆ ನೋಡುವ ಮಂಗವನ್ನು ಗೂಡಿನ ಮುಂದೆ ನಿಂತ ಜನ ‘ನಗುತ್ತಿದೆ’ ಎನ್ನುತ್ತಾರೆ. ಹೊಸ ವೀಕ್ಷಕರು ‘ಬೆದರಿಸುತ್ತಿದೆ’ ಎಂದು ಬರೆಯುತ್ತಾರೆ. ರೀಸಸ್ ಮಂಗದಲ್ಲೂ ನಮ್ಮ ಬಾನೆಟ್ ಮಕಾಕ್‌ನಲ್ಲೂ ಅದು ಸಾಮಾನ್ಯವಾಗಿ ತಗ್ಗಿ ನಡೆಯುವ ಸೂಚನೆ. ಈ ಒಂದು ಸಾಲು ತಪ್ಪಿದರೆ ಇಡೀ ಶ್ರೇಣಿಯೇ, ಅಂದರೆ ಗುಂಪಿನಲ್ಲಿ ಯಾರು ಮೇಲು ಯಾರು ಕೆಳಗು ಎಂಬ ಕ್ರಮವೇ, ತಲೆಕೆಳಗಾಗುತ್ತದೆ, ಏಕೆಂದರೆ ಸೋತದ್ದನ್ನೆಲ್ಲ ನೀವು ಗೆದ್ದದ್ದೆಂದು ಬರೆದಿರುತ್ತೀರಿ. ಇಂಡೊನೇಷ್ಯದ ಸುಲವೇಸಿ ದ್ವೀಪದ ಟಾಂಕಿಯನ್ ಮಕಾಕ್‌ಗಳಲ್ಲಾದರೆ ಇದೇ ಮುಖಭಾವ ಸ್ನೇಹದ ಸಂದರ್ಭದಲ್ಲಿ ಬರುತ್ತದೆ. ಆದ್ದರಿಂದ ಬೇರೆ ಜಾತಿಗೆ ಮಾಡಿದ ವರ್ತನಾ ಪಟ್ಟಿಯನ್ನು ಹಾಗೆಯೇ ನಕಲು ಮಾಡಿಕೊಂಡಿದ್ದರೆ ಅದನ್ನು ಬದಿಗಿಟ್ಟು ಹೊಸದಾಗಿ ಬರೆಯಿರಿ. ಸಿಂಗಳೀಕಕ್ಕೊಂದು, ಬಾನೆಟ್ ಮಕಾಕ್‌ಗೊಂದು, ಮುಸುವಕ್ಕೊಂದು ಪಟ್ಟಿ ಬೇಕು.

ಬೆನ್ನೇರುವುದನ್ನು ನೋಡಿದ ಕೂಡಲೇ ‘ಸಂಭೋಗ’ ಎಂದು ಬರೆಯುವುದು ಇನ್ನೊಂದು ದೋಷ. ಬಾನೆಟ್ ಮಕಾಕ್ ಗಂಡುಗಳು ಒಂದಕ್ಕೊಂದು ಬೆನ್ನೇರುತ್ತವೆ, ಹಿಂಭಾಗ ತೋರುತ್ತವೆ, ತಬ್ಬಿಕೊಳ್ಳುತ್ತವೆ. ಮಕಾಕ್‌ಗಳಲ್ಲಿ ಗಂಡುಗಳ ನಡುವೆ ಇಷ್ಟು ಸಲಿಗೆ ಇರುವ ಜಾತಿಗಳು ಕಡಿಮೆ. ಯಾರು ಯಾರ ಮೇಲೆ, ಎಷ್ಟು ಹೊತ್ತು, ಅದಕ್ಕೆ ಮೊದಲು ಏನಾಯಿತು ಎಂದು ಬರೆದಿಟ್ಟರೆ ಅರ್ಥವನ್ನು ಆಮೇಲೆ ನಿಧಾನವಾಗಿ ತೀರ್ಮಾನಿಸಬಹುದು. ದೊಡ್ಡ ಗಂಡು ಕೋರೆಹಲ್ಲು ತೋರುವಂತೆ ಆಕಳಿಸಿದರೆ ಅದನ್ನು ‘ವಿಶ್ರಾಂತಿ’ಗೆ ಸೇರಿಸಬೇಡಿ, ಬಿಗುವಿನ ಹೊತ್ತಿನಲ್ಲಿಯೂ ಅವು ಹಾಗೆ ಆಕಳಿಸುತ್ತವೆ.

ಹೇನು ಹೆಕ್ಕುವುದು ಸುಲಭ ಎಂದು ಎಲ್ಲರೂ ಭಾವಿಸುತ್ತಾರೆ. ಅಲ್ಲಿನ ದೋಷ ಎಣಿಕೆಯಲ್ಲಿ ಅಡಗಿರುತ್ತದೆ. ಹೆಕ್ಕುತ್ತಿದ್ದ ಹೆಣ್ಣು ಒಂದು ಕ್ಷಣ ತಲೆಯೆತ್ತಿ ನೋಡಿ ಮತ್ತೆ ಹೆಕ್ಕಿದರೆ ಅದು ಒಂದು ಸಲವೇ, ಎರಡು ಸಲವೇ? ಒಬ್ಬರು ಒಂದು ಎಂದರು, ಇನ್ನೊಬ್ಬರು ನಾಲ್ಕು ಎಂದರು. ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವು ಬಂದರೆ ಮಾತ್ರ ಹೊಸದು ಎಂಬಂಥ ಒಂದು ನಿಯಮವನ್ನು ಬರೆದು ಅಂಟಿಸಿಕೊಳ್ಳಿ. ಸಂಖ್ಯೆ ಹತ್ತೇ ಆಗಬೇಕೆಂದಿಲ್ಲ, ಎಲ್ಲರಿಗೂ ಒಂದೇ ಆಗಬೇಕು.

ನಮ್ಮ ಕಡೆಯ ತಂಡಗಳಲ್ಲಿ ಮನೆಯಲ್ಲಿ ತುಳು, ಮಲಯಾಳಂ, ಕೊಂಕಣಿ, ಮರಾಠಿ, ಹವಿಗನ್ನಡ ಮಾತನಾಡುವವರು ಒಟ್ಟಿಗಿರುತ್ತಾರೆ. ಅವಸರದಲ್ಲಿ ಪ್ರತಿಯೊಬ್ಬರೂ ತಮಗೆ ತೋಚಿದ ಪದ ಬರೆದರೆ ಸಂಜೆ ಕೂಡಿಸುವವರಿಗೆ ಕಷ್ಟ. ಎಲ್ಲರಿಗೂ ಒಂದೇ ಸಂಕೇತಾಕ್ಷರ, ಅದರ ಪಕ್ಕದಲ್ಲಿ ರೇಖಾಚಿತ್ರ, ಇಷ್ಟಿದ್ದರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಗಲಾಟೆ ಮಾಡುವವರೇ ಹಾಳೆಯ ತುಂಬ

ಒಟ್ಟು ದಾಖಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ದೊಡ್ಡ ಗಂಡಿನದ್ದಾಗಿದ್ದರೆ, ಮೂಲೆಯ ಎಳೆಯ ಹೆಣ್ಣಿನ ಹೆಸರು ಎಲ್ಲೂ ಇಲ್ಲದಿದ್ದರೆ, ನೀವು ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯುತ್ತಿದ್ದೀರಿ ಎಂದರ್ಥ. ಹಾಗೆ ಬರೆದಾಗ ಗಲಾಟೆ ಕಣ್ಣಿಗೆ ಬೀಳುತ್ತದೆ, ಮೌನ ಬೀಳುವುದಿಲ್ಲ. ವರ್ತನಾ ವಿಜ್ಞಾನಿ ಜೀನ್ ಆಲ್ಟ್‌ಮನ್ ಅವರು 1974ರಲ್ಲಿ ಪ್ರಕಟಿಸಿದ ಪ್ರಬಂಧ ಈ ದೋಷವನ್ನು ಬಿಡಿಸಿ ತೋರಿಸಿತು; ಇಂದಿಗೂ ವರ್ತನೆಯ ಅಧ್ಯಯನ ಮಾಡುವವರು ಅವರು ವಿಂಗಡಿಸಿದ ವಿಧಾನಗಳ ಮೇಲೆಯೇ ನಡೆಯುತ್ತಾರೆ.

ಪರಿಹಾರ ಎರಡು. ಮೊದಲೇ ಚೀಟಿ ಎತ್ತಿ ನಿರ್ಧರಿಸಿದ ಕ್ರಮದಲ್ಲಿ ಒಂದು ಮಂಗವನ್ನು ಹತ್ತು ನಿಮಿಷ ಬಿಡದೆ ನೋಡಿ, ಆಮೇಲೆ ಮುಂದಿನದು. ಇದು ಫೋಕಲ್ ವಿಧಾನ. ಹೊಡೆತ, ಬೆದರಿಕೆ, ಜಾಗ ಬಿಡುವುದು ಮೊದಲಾದ ಕ್ಷಣಿಕ ಘಟನೆಗಳಿಗೆ ಇದೇ ಸರಿ. ಐದು ನಿಮಿಷಕ್ಕೊಮ್ಮೆ ಗಂಟೆ ಹೊಡೆದಾಗ ಎಡದಿಂದ ಬಲಕ್ಕೆ ಎಲ್ಲ ಮಂಗಗಳನ್ನೂ ನೋಡಿ ಆ ಕ್ಷಣದಲ್ಲಿ ಏನು ಮಾಡುತ್ತಿತ್ತು ಎಂದು ಬರೆಯುವುದು ಸ್ಕ್ಯಾನ್ ವಿಧಾನ. ಹೇನು ಹೆಕ್ಕುವುದು, ಒತ್ತಿ ಕೂರುವುದು, ತಿನ್ನುವುದು ಮೊದಲಾದ ಬಹಳ ಹೊತ್ತು ನಡೆಯುವ ಸ್ಥಿತಿಗಳಿಗೆ ಇದು ಸರಿ. ಸ್ಕ್ಯಾನ್‌ನಿಂದ ಹೊಡೆತಗಳನ್ನು ಎಣಿಸಲು ಹೊರಟವರಿಗೆ ಜಗಳವೇ ಇಲ್ಲದ ಗುಂಪು ಸಿಗುತ್ತದೆ. ‘ಈ ನಿಮಿಷದಲ್ಲಿ ನಡೆಯಿತೇ, ಇಲ್ಲವೇ’ ಎಂದು ಗೀಟು ಹಾಕುವ ಮೂರನೆಯ ರೀತಿಯೂ ಬಳಕೆಯಲ್ಲಿದೆ. ಅದರಲ್ಲಿ ಹದಿನೈದು ಸೆಕೆಂಡಿನ ಹೆಕ್ಕುವಿಕೆಗೂ ಪೂರ್ತಿ ನಿಮಿಷದ ಲೆಕ್ಕ ಸಿಗುವುದರಿಂದ ಸಮಯ ಉಬ್ಬುತ್ತದೆ. ನಾನು ಅದನ್ನು ಯಾರಿಗೂ ಸಲಹೆ ಮಾಡುವುದಿಲ್ಲ.

ಇದರ ಜೊತೆಗೇ ಭಾಜಕವನ್ನು ಪರೀಕ್ಷಿಸಿ. ಒಂದು ಗಂಡು 18 ಸಲ ಬೆದರಿಸಿತು, ಒಂದು ಹೆಣ್ಣು 8 ಸಲ. ಗಂಡೇ ಜಗಳಗಂಟ ಎಂದು ಬರೆಯುವ ಮೊದಲು ಗಂಡನ್ನು 12 ಗಂಟೆ, ಹೆಣ್ಣನ್ನು ಕೇವಲ 4 ಗಂಟೆ ನೋಡಿದ್ದೀರಿ ಎಂಬುದು ನೆನಪಿರಲಿ. ಗಂಟೆಗೆ ಲೆಕ್ಕ ಹಾಕಿದರೆ ಗಂಡಿನದ್ದು 1.5, ಹೆಣ್ಣಿನದ್ದು 2. ಮರೆಗೆ ಹೋದ ಹೊತ್ತನ್ನು ‘ಕಾಣಿಸಲಿಲ್ಲ’ ಎಂದು ಬರೆದು ಒಟ್ಟು ಸಮಯದಿಂದ ಕಳೆಯಬೇಕು. ಇದನ್ನು ‘ಏನೂ ಮಾಡಲಿಲ್ಲ’ ಎಂಬ ಕಲಮಿಗೆ ತುಂಬಿದರೆ ಒಳಗಿನ ಕೋಣೆಯಲ್ಲಿ ಅಡಗಿ ಕೂರುವ, ಬಹುಶಃ ಅತಿ ಹೆಚ್ಚು ಕಾಟ ತಿನ್ನುವ ಮಂಗವೇ ನಿಮ್ಮ ವರದಿಯಲ್ಲಿ ಅತಿ ನೆಮ್ಮದಿಯ ಮಂಗವಾಗುತ್ತದೆ.

ತೊಂಬತ್ತು ಪ್ರತಿಶತ ತಾಳೆಯಾದರೂ ನಂಬಬಾರದ ಸಂದರ್ಭ

ಇಬ್ಬರು ವೀಕ್ಷಕರ ದಾಖಲೆ 90 ಪ್ರತಿಶತ ಹೊಂದಿದರೆ ಹಿಗ್ಗುವುದು ಸಹಜ. ಆದರೆ ಗೂಡಿನ ಮಂಗಗಳು ಬಹಳ ಹೊತ್ತು ಸುಮ್ಮನೆ ಕೂರುತ್ತವೆ. 200 ಸ್ಕ್ಯಾನ್‌ಗಳಲ್ಲಿ 170 ಸಲ ಇಬ್ಬರೂ ‘ವಿಶ್ರಾಂತಿ’ ಎಂದರು, 10 ಸಲ ಇಬ್ಬರೂ ‘ಸಾಮಾಜಿಕ’ ಎಂದರು, ಉಳಿದ 20ರಲ್ಲಿ ಹತ್ತು ಅತ್ತ, ಹತ್ತು ಇತ್ತ ತಪ್ಪಿದವು ಎಂದುಕೊಳ್ಳಿ. ಹೊಂದಾಣಿಕೆ 180, ಅಂದರೆ 0.90. ಆದರೆ ಇಬ್ಬರೂ ಹತ್ತರಲ್ಲಿ ಒಂಬತ್ತು ಸಲ ‘ವಿಶ್ರಾಂತಿ’ ಎನ್ನುವವರಾದ್ದರಿಂದ ಕಣ್ಣು ಮುಚ್ಚಿ ಬರೆದರೂ 0.9ರ ವರ್ಗ ಮತ್ತು 0.1ರ ವರ್ಗ ಕೂಡಿ 0.82ರಷ್ಟು ತಾನಾಗಿ ಹೊಂದುತ್ತದೆ. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಸೂತ್ರ ಈ ಆಕಸ್ಮಿಕ ಭಾಗವನ್ನು ಕಳೆಯುತ್ತದೆ: 0.90ರಿಂದ 0.82 ಕಳೆದು, 1ರಿಂದ 0.82 ಕಳೆದು ಉಳಿದದ್ದರಿಂದ ಭಾಗಿಸಿ. 0.08 ಭಾಗಿಸು 0.18, ಅಂದರೆ ಸುಮಾರು 0.44. ನಿಮಗೆ ಬೇಕಾಗಿದ್ದ ಸಾಮಾಜಿಕ ವರ್ತನೆಯನ್ನೇ ನೋಡಿ: ಪ್ರತಿಯೊಬ್ಬರೂ 20 ಸಲ ಗುರುತಿಸಿದರು, ಒಪ್ಪಿದ್ದು ಹತ್ತರಲ್ಲಿ ಮಾತ್ರ. ಕಪ್ಪಾ 0.8ರ ಮೇಲೆ ಬರುವವರೆಗೂ ಒಂದೇ ವಿಡಿಯೋವನ್ನು ಬೇರೆ ಬೇರೆ ಕುಳಿತು ಬರೆದು, ಒಟ್ಟಿಗೆ ಕುಳಿತು ತಪ್ಪು ಹುಡುಕಿ. ಎರಡು ವಾರ ಕಳೆದ ಮೇಲೆ ಅದೇ ವಿಡಿಯೋವನ್ನು ಮತ್ತೆ ಬರೆಯಿರಿ. ಅಷ್ಟರಲ್ಲಿ ವ್ಯಾಖ್ಯೆ ನಿಮ್ಮೊಳಗೇ ಜಾರಿರುತ್ತದೆ.

ಅಭ್ಯಾಸಕ್ಕೆ ಮೃಗಾಲಯದವರೆಗೆ ಹೋಗಬೇಕೆಂದೇನೂ ಇಲ್ಲ. ತೃಕ್ಕರಿಪುರದ ಬಳಿಯ ಇಡಯಿಲಕ್ಕಾಡಿನ ನಾಗಬನದಲ್ಲಿ, ಓಣಂ ಹೊತ್ತಿಗೆ ಊರವರು ಮಂಗಗಳಿಗೆ ಎಲೆಯ ಮೇಲೆ ಊಟ ಬಡಿಸುವ ಆ ಬನದಲ್ಲಿ, ಜನರಿಗೆ ಹೊಂದಿಕೊಂಡ ಮಂಗಗಳಿವೆ. ತೋಟಕ್ಕೆ ಬರುವ ಮಂಗಗಳಂತೂ ಹೇಗೂ ಇವೆ, ಓಡಿಸುವ ಮೊದಲು ಹತ್ತು ನಿಮಿಷ ನೋಡಲು ಮನೆಯವರನ್ನು ಒಪ್ಪಿಸಿದರೆ ಸಾಕು. ವ್ಯಾಖ್ಯೆ ಹದಗೊಳಿಸಲು ಇವು ಒಳ್ಳೆಯವು. ಅಲ್ಲಿ ತಂದ ಅಂಕಿಗಳನ್ನು ಮಾತ್ರ ಗೂಡಿನ ಅಂಕಿಗಳ ಜೊತೆ ಬೆರೆಸಬೇಡಿ.

ಶ್ರೇಣಿ ಕೂಡದಿದ್ದರೆ

ಆರು ಮಂಗಗಳಿದ್ದರೆ ಜೋಡಿಗಳು 15. ಅವುಗಳಲ್ಲಿ ಎಷ್ಟು ಜೋಡಿಗಳ ನಡುವೆ ಒಂದಾದರೂ ಗೆಲುವು ಸೋಲು ಕಂಡಿದೆ ಎಂದು ಮೊದಲು ಎಣಿಸಿ. ಖಾಲಿ ಚೌಕಗಳು ಹೆಚ್ಚಿದ್ದರೆ ಯಾವ ಸೂತ್ರವೂ ನಿಮ್ಮನ್ನು ಕಾಪಾಡದು. ಹೊಡೆತಕ್ಕಾಗಿ ಕಾಯಬೇಡಿ. ಒಂದು ಹತ್ತಿರ ಬಂದಾಗ ಇನ್ನೊಂದು ಸುಮ್ಮನೆ ಎದ್ದು ಜಾಗ ಬಿಡುವುದು ದಿನವಿಡೀ ನಡೆಯುತ್ತದೆ, ಶ್ರೇಣಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಐದೇ ಮಂಗಗಳಿರುವ ಗೂಡಿನಲ್ಲಿ ‘ನೇರ ಶ್ರೇಣಿ ಸಾಬೀತಾಯಿತು’ ಎಂದು, ಅಂದರೆ ಪ್ರತಿಯೊಂದೂ ತನಗಿಂತ ಕೆಳಗಿನ ಎಲ್ಲವನ್ನೂ ಸೋಲಿಸುವ ಒಂದೇ ಸಾಲು ಇದೆ ಎಂದು, ಬರೆಯಲೇಬಾರದು. ಹತ್ತು ಜೋಡಿಗಳಿಗೆ 1024 ರೀತಿಯ ಫಲಿತಾಂಶ ಸಾಧ್ಯ, ಅದರಲ್ಲಿ 120 ತಾವಾಗಿಯೇ ನೇರ ಶ್ರೇಣಿ. ಅಂದರೆ ಆಕಸ್ಮಿಕವಾಗಿಯೇ ನೂರಕ್ಕೆ ಸುಮಾರು 12 ಸಲ ಹಾಗೆ ಬರುತ್ತದೆ. ಆರು ಮಂಗಗಳಾದರೆ ಅದು ನೂರಕ್ಕೆ ಎರಡಕ್ಕೆ ಇಳಿಯುತ್ತದೆ.

ಎಲ್ಲ ಸರಿಯಿದ್ದೂ ಅಂಕಿ ವಿಚಿತ್ರವಾಗಿದ್ದರೆ

ಈಗ ಗೂಡಿನ ಕಡೆ ತಿರುಗಬಹುದು. ಜಗಳಗಳನ್ನು ಗಡಿಯಾರದ ಮೇಲೆ ಹರಡಿ ನೋಡಿ. ಊಟ ಹಾಕುವ ಅರ್ಧ ಗಂಟೆಯಲ್ಲಿ ಗುಂಪಾಗಿ ಬಿದ್ದಿದ್ದರೆ ಕಾರಣ ಊಟದ ಜಾಗ: ಒಂದೇ ತಟ್ಟೆಯಲ್ಲಿ ಹಾಕಿದ್ದನ್ನು ನಾಲ್ಕು ಕಡೆ ಹರಡಿದರೆ ತಗ್ಗುತ್ತದೆ. ಭಾನುವಾರ ಮತ್ತು ರಜಾದಿನಗಳಲ್ಲಿ ಮಾತ್ರ ಏರಿದ್ದರೆ ಕಾರಣ ಗೂಡಿನ ಹೊರಗಿನ ಜನ. ಆಟಿ ತಿಂಗಳ ಮಳೆಯಲ್ಲಿ ಒತ್ತಿ ಕೂರುವುದು ಒಮ್ಮೆಲೇ ಹೆಚ್ಚಿದರೆ ಸ್ನೇಹ ಬೆಳೆಯಿತು ಎಂದು ಬರೆಯಬೇಡಿ. ಒಣ ಜಾಗ ಕಡಿಮೆ ಇದೆ, ಮೈ ತಣ್ಣಗಿದೆ. ಹವಾಮಾನಕ್ಕೊಂದು ಕಲಮು ಇರಲಿ. ಕಾರಣವಿಲ್ಲದೆ ಹೇನು ಹೆಕ್ಕುವುದು ಏರಿದರೆ ಅದಕ್ಕೆ ಮೊದಲ ಹತ್ತು ನಿಮಿಷ ತಿರುವಿ ನೋಡಿ, ಜಗಳ ಇದ್ದರೂ ಇದ್ದೀತು. ಜಗಳವಾಡಿದವು ಮತ್ತೆ ಹತ್ತಿರ ಬಂದು ಸಂಧಿ ಮಾಡಿಕೊಳ್ಳುವುದನ್ನು ವರ್ತನಾ ವಿಜ್ಞಾನಿ ಫ್ರಾನ್ಸ್ ಡಿ ವಾಲ್ ಮತ್ತು ಅವರ ಸಹೋದ್ಯೋಗಿ 1979ರಲ್ಲಿ ನೆದರ್ಲೆಂಡ್ಸ್‌ನ ಆರ್ನೆಮ್ ಮೃಗಾಲಯದ ಚಿಂಪಾಂಜಿಗಳಲ್ಲಿ ದಾಖಲಿಸಿದರು; ಆಮೇಲೆ ಅನೇಕ ಮಂಗಗಳಲ್ಲೂ ಕಂಡಿತು.

ಗುಂಪಿನ ರಚನೆಯೇ ತಪ್ಪಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಲಂಡನ್ ಮೃಗಾಲಯದ ಮಂಕಿ ಹಿಲ್ ಎಂಬ ಆವರಣದ ಕಥೆಯನ್ನು ಪ್ರತಿ ವೀಕ್ಷಕರೂ ತಿಳಿದಿರಬೇಕು. 1925ರಲ್ಲಿ ಅಲ್ಲಿ ಸುಮಾರು ನೂರು ಹಮದ್ರಿಯಾಸ್ ಬಬೂನ್‌ಗಳನ್ನು ಬಿಟ್ಟರು, ಬಹುತೇಕ ಎಲ್ಲವೂ ಗಂಡು. 1927ರಲ್ಲಿ ಮೂವತ್ತು ಹೆಣ್ಣುಗಳನ್ನು ಸೇರಿಸಿದರು. ಗಂಡುಗಳ ಕಾದಾಟದಲ್ಲಿ ಹೆಣ್ಣುಗಳ ಬಹುಪಾಲು ಸತ್ತವು. ಅಲ್ಲಿ ಕಂಡದ್ದನ್ನು ಆಧರಿಸಿ ಪ್ರಾಣಿಶಾಸ್ತ್ರಜ್ಞ ಸಾಲಿ ಜುಕರ್‌ಮನ್ 1932ರಲ್ಲಿ ಬರೆದ ಗ್ರಂಥದ ಪ್ರಭಾವ ದೀರ್ಘಕಾಲ ಉಳಿಯಿತು. 1960ರ ದಶಕದಲ್ಲಿ ಪ್ರಾಣಿಶಾಸ್ತ್ರಜ್ಞ ಹ್ಯಾನ್ಸ್ ಕುಮ್ಮರ್ ಇಥಿಯೋಪಿಯದ ಬಯಲಿನಲ್ಲಿ ನೋಡಿದಾಗ ಅದೇ ಬಬೂನ್‌ಗಳು ಒಂದು ಗಂಡು, ಕೆಲವು ಹೆಣ್ಣುಗಳ ಸ್ಥಿರ ಕುಟುಂಬಗಳಲ್ಲಿ ಬದುಕುತ್ತಿದ್ದವು. ಮಂಕಿ ಹಿಲ್‌ನಲ್ಲಿ ಕಂಡ ರಕ್ತ ಸುಳ್ಳಲ್ಲ, ಆದರೆ ಅದು ಆ ಗೂಡಿನ ಸತ್ಯವಾಗಿತ್ತು. ನಿಮ್ಮ ವರದಿಯ ಮೊದಲ ಪುಟದಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು, ಎಷ್ಟು ಮರಿ, ಯಾವುದು ಎಲ್ಲಿಂದ, ಯಾವಾಗ ಬಂತು, ಆವರಣದ ಅಳತೆ ಎಷ್ಟು ಎಂಬುದು ಇರಲೇಬೇಕಾದ ಕಾರಣ ಇದೇ.

ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆಯುತ್ತಲೇ ಇರುವುದು, ತೂಗಾಡುವುದು, ತನ್ನ ಕೂದಲನ್ನೇ ಕೀಳುವುದು, ತನ್ನ ಕೈಯನ್ನೇ ಕಚ್ಚುವುದು ಕಂಡರೆ ಪ್ರತ್ಯೇಕ ಕಲಮಿನಲ್ಲಿ ಬರೆಯಿರಿ, ಅಂದೇ ಪಾಲಕರಿಗೂ ಪಶುವೈದ್ಯರಿಗೂ ತಿಳಿಸಿರಿ. ಪ್ರಾಜೆಕ್ಟ್ ಮುಗಿಯುವವರೆಗೆ ಅದನ್ನು ಹಾಳೆಯಲ್ಲೇ ಇಟ್ಟುಕೊಳ್ಳುವುದು ಸರಿಯಲ್ಲ. ನಿಮಗೆ ಕೆಮ್ಮು, ಜ್ವರ ಇರುವ ದಿನ ಹೋಗಬೇಡಿ. ಕ್ಷಯ, ದಡಾರ ನಮ್ಮಿಂದ ಅವುಗಳಿಗೂ ತಗಲುತ್ತವೆ.

ಹಳೆಯ ಹಾಳೆಗಳಲ್ಲಿ ಉಳಿಯುವುದು ಯಾವುದು

ಗುರುತು ತಪ್ಪಿದ ಹಾಳೆಗಳಿಂದ ಜೋಡಿ, ಶ್ರೇಣಿ ಯಾವುದನ್ನೂ ತೆಗೆಯಲಾಗದು; ಇಡೀ ಗುಂಪಿನ ಒಟ್ಟು ಹೊತ್ತು ಎಷ್ಟು ತಿನ್ನುವುದಕ್ಕೆ, ಎಷ್ಟು ವಿಶ್ರಾಂತಿಗೆ ಹೋಯಿತು ಎಂಬುದಷ್ಟೇ ಉಳಿಯಬಹುದು. ಆಟ ಮತ್ತು ಜಗಳ ಅದಲುಬದಲಾಗಿದ್ದರೆ ಎರಡನ್ನೂ ಕೂಡಿಸಿ ‘ಒರಟು ಸಂಪರ್ಕ’ ಎಂಬ ಒಂದೇ ಕಲಮು ಮಾಡಿ, ಹಾಗೆ ಮಾಡಿದ್ದನ್ನು ವರದಿಯಲ್ಲಿ ಹೇಳಿ. ಕಂಡದ್ದನ್ನೆಲ್ಲ ಬರೆದ ಟಿಪ್ಪಣಿಗಳಿಂದ ಗಂಟೆಗೆ ಎಷ್ಟು ಎಂಬ ದರ ಬರುವುದಿಲ್ಲ, ಆದರೆ ಹೊಸ ವರ್ತನಾ ಪಟ್ಟಿ ಬರೆಯಲು ಅವುಗಳಷ್ಟು ಉಪಯುಕ್ತ ಬೇರೆ ಇಲ್ಲ. ‘ಕೋಪಗೊಂಡಿತು’, ‘ಹೆದರಿತು’ ಎಂದಷ್ಟೇ ಇರುವ ಸಾಲುಗಳನ್ನು ನೆನಪಿನಿಂದ ತಿದ್ದಲು ಹೋಗದೆ ಬಿಟ್ಟುಬಿಡಿ, ಮುಂದಿನ ಸಲ ಆ ಹೊತ್ತನ್ನು ಹೊಸದಾಗಿ ನೋಡಿ.